ಪಂಪ್ ಆಮೇಲೆ, ಲೀಕ್ ಮೊದ್ಲು: ಕರಾವಳಿಯ ಒಂದು ಸಣ್ಣ ವರ್ಕ್‌ಶಾಪಿನ ವ್ಯಾಕ್ಯೂಮ್ ಪ್ರಕರಣ

ಕಾರವಾರ ಮತ್ತೆ ಅಂಕೋಲಾ ನಡುವೆ ಎಲ್ಲೋ ಒಂದ್ಕಡೆ ಇರೋ ವರ್ಕ್‌ಶಾಪ್ ಅಂತ ಇಟ್ಕೊಳ್ಳಿ, ಊರಿನ ಹೆಸರು ಬರಿಯೋದಿಲ್ಲ. ಮಾಲಕರು ಒಪ್ಪಿದ್ದೇ "ಬರಿ ತಮ್ಮಾ, ಆದ್ರೆ ನನ್ನ ಹೆಸರು ಹಾಕ್ಬೇಡ, ಮತ್ತೆ ಎಲ್ಲರೂ ಫೋನ್ ಮಾಡಿ ಪಂಪ್ ಎಲ್ಲಿ ತಗೊಂಡ್ರಿ ಅಂತ ತಲೆ ತಿಂತಾರೆ" ಅನ್ನೋ ಷರತ್ತಿನ ಮೇಲೆ. ಗುರ್ತು ಹತ್ತೋ ಒಂದೆರಡು ವಿವರ ಬದಲಾಯಿಸಿದ್ದೇನೆ. ನಾನು ಈ ಕಡೆ ಮೆಷಿನ್ ಮೇಂಟೆನೆನ್ಸ್, ಪ್ಯಾನೆಲ್ ವೈರಿಂಗ್ ಮಾಡೋನು, ಈ ಕೇಸಿಗೆ, ಅಂದ್ರೆ ಗಾಳಿ ಎಳ್ದು ಶೀಟನ್ನ ಮೆಷಿನ್ ಮೇಲೆ ಹಿಡಿಯೋಕೆ ಸರಿಯಾದ ಪಂಪ್ ಹುಡುಕೋ ಕೆಲ್ಸಕ್ಕೆ, ಅರ್ಧದಲ್ಲಿ ಸೇರ್ಕೊಂಡೆ.

ಹಿನ್ನೆಲೆ

ಒಂದು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್, ಟಿಗ್ ವೆಲ್ಡಿಂಗ್ ಸೆಟ್ಟು, ಜೊತೆಗೆ ಬೆಳಗಾವಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದ ಒಂದು ಸಣ್ಣ ಸಿಎನ್‌ಸಿ ಮಿಲ್ಲಿಂಗ್ ಮೆಷಿನ್ (ಕಂಪ್ಯೂಟರ್ ಹೇಳಿದ ಹಾಗೆ ಕಟರ್ ಓಡಿಸೋದು), ಇಷ್ಟೇ ಶಾಪು. ಮಾಲಕರು, ಒಬ್ಬ ಆಪರೇಟರ್ ಹುಡುಗ, ಸೀಸನ್ನಿಗೆ ಇನ್ನೊಬ್ಬ ಹೆಲ್ಪರ್. ಕೆಲ್ಸ ಜಾಸ್ತಿ ಮೀನುಗಾರಿಕೆ ಬೋಟಿಂದು: ಟ್ರಾಲರಿನ ಕ್ಯಾಬಿನ್ನಿಗೆ ಸ್ವಿಚ್ ಪ್ಯಾನೆಲ್, ಇಂಜಿನ್ ರೂಮಿನ ಕವರ್ ಪ್ಲೇಟು, ಸಣ್ಣ ಸಣ್ಣ ಸ್ವಿಚ್ ಪ್ಲೇಟು, ಸ್ಟೇನ್‌ಲೆಸ್ ಸ್ಟೀಲಿನ ನೇಮ್ ಪ್ಲೇಟು.

ಈ ಕಡೆಯವರಿಗೆ ಗೊತ್ತಿರೋದೇ, ಆದ್ರೂ ಹೇಳ್ತೇನೆ ಯಾಕಂದ್ರೆ ಇದು ಆಮೇಲೆ ಬೇಕಾಗ್ತದೆ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಬೋಟೆಲ್ಲ ದಡಕ್ಕೆ ಬರ್ತವೆ, ರಿಪೇರಿ ಪೇಂಟಿಂಗ್ ವೈರಿಂಗ್ ಎಲ್ಲ ಆಗ್ಲೇ, ಆಗಸ್ಟ್ ಹತ್ರ ಬಂದ ಹಾಗೆ ಪ್ರತಿಯೊಬ್ಬ ತಾಂಡೇಲನಿಗೂ (ಬೋಟ್ ನಡೆಸೋ ಮುಖ್ಯಸ್ಥ) "ನಂದು ಮೊದ್ಲು ಮಾಡಿ ಕೊಡಿ" ಅನ್ನೋ ಅವಸರ. ಅಂದ್ರೆ ಈ ಶಾಪಿಗೆ ಸೀಸನ್ ಅಂದ್ರೆ ನಡು ಮಳೆಗಾಲ, ಗಾಳೀಲಿ ನೀರು ಅತೀ ಹೆಚ್ಚು ಇರೋ ಹೊತ್ತು.

ವ್ಯಾಕ್ಯೂಮ್ ಯಾಕೆ ಬೇಕಾಯ್ತು ಅಂದ್ರೆ, 3 ಎಂಎಂ ಅಲ್ಯೂಮಿನಿಯಂ ಶೀಟನ್ನ ವೈಸಲ್ಲಿ ಹಿಡಿದ್ರೆ ಮಧ್ಯ ಉಬ್ಬುತ್ತದೆ, ಮೇಲಿಂದ ಕ್ಲ್ಯಾಂಪ್ ಹಾಕಿದ್ರೆ ಕಟರ್ ಓಡಾಡೋಕೆ ಜಾಗ ಇಲ್ಲ, ಡಬಲ್ ಟೇಪ್ ಹಾಕಿದ್ರೆ ಕೆಲ್ಸ ಆದ್ಮೇಲೆ ಕೀಳೋದ್ರಲ್ಲೇ ಅರ್ಧ ದಿನ, ಮೇಲೆ ಥಿನ್ನರ್ ಖರ್ಚು. ಹಾಗಾಗಿ ಅಲ್ಯೂಮಿನಿಯಂ ಫಿಕ್ಸ್ಚರ್ ಪ್ಲೇಟ್ (ಶೀಟನ್ನ ಕೂರಿಸಿ ಹಿಡಿಯೋ ತಳ) ಒಂದರ ಮೇಲೆ ಚೌಕ ಚೌಕ ಗಾಡಿ (ಸಣ್ಣ ಕಾಲುವೆ ತರದ ತೋಡು) ಹೊಡ್ದು, ಸುತ್ತ ರಬ್ಬರ್ ಕಾರ್ಡ್ (ರಬ್ಬರಿನ ಹುರಿ) ಕೂರ್ಸಿ, ಕೆಳಗಿಂದ ಗಾಳಿ ಎಳ್ದು ಶೀಟನ್ನ ಹಿಡ್ಕೊಳ್ಳೋದು. ಐಡಿಯಾ ಸರಿಯಾಗೇ ಇತ್ತು, ಫಿಕ್ಸ್ಚರನ್ನೂ ಅವರೇ ಮಾಡ್ಕೊಂಡಿದ್ರು.

ತೊಂದ್ರೆ ಶುರುವಾಗಿದ್ದು

ಪಂಪಿಗೆ ಮಾಲಕರು ಮೊದ್ಲು ತಂದಿದ್ದು ಎಸಿ ಮೆಕ್ಯಾನಿಕ್‌ಗಳು ಗ್ಯಾಸ್ ತುಂಬೋ ಮೊದ್ಲು ಲೈನ್ ಎಳೀಲಿಕ್ಕೆ ಇಟ್ಕೊಳ್ಳೋ ಸಣ್ಣ ಪಂಪು. 3.5 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಎಳೆಯೋದು), ಟೂ ಸ್ಟೇಜ್. ಅಂಗಡೀಲಿ ಎರಡು ತೋರಿಸಿದ್ರಂತೆ, ಒಂದರ ಡಬ್ಬದ ಮೇಲೆ 50 ಮೈಕ್ರಾನ್, ಇನ್ನೊಂದರ ಮೇಲೆ 25 ಮೈಕ್ರಾನ್. ಮೈಕ್ರಾನ್ ಅಂದ್ರೆ ಎಳ್ದ ಮೇಲೂ ಒಳಗೆ ಉಳಿಯೋ ಒತ್ತಡ, ಹಾಗಾಗಿ ಕಮ್ಮಿ ಮೈಕ್ರಾನ್ ಅಂದ್ರೆ ಜಾಸ್ತಿ ವ್ಯಾಕ್ಯೂಮ್, ಜಾಸ್ತಿ ವ್ಯಾಕ್ಯೂಮ್ ಅಂದ್ರೆ ಜಾಸ್ತಿ ಹಿಡಿತ ಅಂತ ದುಡ್ಡು ಹೆಚ್ಚು ಕೊಟ್ಟು 25ರದ್ದೇ ತಂದ್ರು.

ಈ ಲೆಕ್ಕ ಸ್ವಲ್ಪ ಬಿಡಿಸಿ ನೋಡುವ. ಸಮುದ್ರ ಮಟ್ಟದಲ್ಲಿ ಗಾಳಿ ಒತ್ತಡ ಪಾದರಸದ 760 ಎಂಎಂ, ಒಂದು ಎಂಎಂ ಅಂದ್ರೆ 1000 ಮೈಕ್ರಾನ್. 50ಕ್ಕೂ 25ಕ್ಕೂ ವ್ಯತ್ಯಾಸ 0.025 ಎಂಎಂ. 300 ಬೈ 200 ಎಂಎಂ ಪ್ಲೇಟು ಅಂದ್ರೆ 600 ಚದರ ಸೆಂಟಿಮೀಟರ್, ಪೂರ್ತಿ ವ್ಯಾಕ್ಯೂಮ್ ಇದ್ರೆ ಗಾಳಿ ಅದನ್ನ ಒತ್ತೋದು ಸುಮಾರು 620 ಕೆಜಿ ಭಾರದಲ್ಲಿ. ಅದರಲ್ಲಿ ಆ 25 ಮೈಕ್ರಾನಿನ ಪಾಲು ಎಷ್ಟು ಅಂದ್ರೆ 20 ಗ್ರಾಂ. ಹೌದು, ಗ್ರಾಂ. ಹೆಚ್ಚಿಗೆ ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಅಷ್ಟೇ. ಎಸಿ ಲೈನಲ್ಲಿ ಮೈಕ್ರಾನ್ ಮುಖ್ಯ, ಅಲ್ಲಿ ತೇವ ಓಡಿಸ್ಬೇಕು. ಶೀಟ್ ಹಿಡಿಯೋಕೆ ಗೇಜಲ್ಲಿ 600 ಎಂಎಂ (ಒಳಗಿನ ಒತ್ತಡ ಹೊರಗಿನದಕ್ಕಿಂತ ಅಷ್ಟು ಕಮ್ಮಿ ಅಂತ) ಬಂದ್ರೆ ಧಾರಾಳ, ಆಗ್ಲೇ 490 ಕೆಜಿ ಆಯ್ತು.

ಆದ್ರೆ ಇವರ ಗೇಜು 600 ಬಿಡಿ, 300 ದಾಟ್ತಾ ಇರ್ಲಿಲ್ಲ. ದೊಡ್ಡ ಪ್ಯಾನೆಲ್ ಹೇಗೋ ನಿಲ್ತಿತ್ತು, 100 ಬೈ 80ರ ಸ್ವಿಚ್ ಪ್ಲೇಟು ಹಾಕಿದ್ರೆ ಕಟರ್ ತಾಗಿದ ಕೂಡ್ಲೆ ಜಾರೋದು. ಅಲ್ಲಿ ಹಿಡಿತ 30 ಕೆಜಿ ಚಿಲ್ಲರೆ, ಕೆಳಗಡೆ ಕೂಲೆಂಟ್ (ಕಟಿಂಗ್ ತಂಪು ಮಾಡೋಕೆ ಬಿಡೋ ನೀರು) ನುಗ್ಗಿ ಜಾರಿಕೆ ಆದ್ರೆ ಅಡ್ಡಕ್ಕೆ ತಡ್ಕೊಳ್ಳೋದು ನಾಕೈದು ಕೆಜಿ ಮಾತ್ರ. ಹುಡುಗನ ಕೈಗೆ ಒಂದ್ಸಲ ಪ್ಲೇಟ್ ಹಾರಿ ಸಣ್ಣ ಗಾಯ ಆಯ್ತು. ಅದರ ಮೇಲೆ ಪಂಪು ಮುಟ್ಟೋಕಾಗದಷ್ಟು ಬಿಸಿ, ಎಕ್ಸಾಸ್ಟಿಂದ ಎಣ್ಣೆ ಹೊಗೆ ಶಾಪಿಡೀ ತುಂಬೋದು, ಮಳೆ ಶುರುವಾದ ವಾರದಲ್ಲೇ ಪಂಪಿನ ಎಣ್ಣೆ ಚಹಾಕ್ಕೆ ಹಾಲು ಹಾಕಿದ ಬಣ್ಣಕ್ಕೆ ತಿರುಗಿತು. ಎಸಿ ಪಂಪು ಮುಚ್ಚಿದ ಲೈನನ್ನ ಎಳ್ದು ಖಾಲಿ ಮಾಡಿ ಅಲ್ಲೇ ನಿಲ್ಲೋಕೆ ಮಾಡಿದ್ದು, ದಿನವಿಡೀ ಲೀಕ್ ಗಾಳಿ ಕುಡೀತಾ ಓಡೋಕಲ್ಲ. ಅದ್ರದ್ದೇನೂ ತಪ್ಪಿಲ್ಲ.

ಏನೇನು ನೋಡಿದ್ರು

ಇಲ್ಲಿಂದ ಮುಂದೆ ಪ್ರತಿಯೊಬ್ಬರೂ ಒಂದೊಂದು ಪಂಪ್ ಹೇಳಿದ್ರು, ಮಾಲಕರು ಪಾಪ ಎಲ್ಲ ಕೇಳಿದ್ರು.

ಕಂಪ್ರೆಸರ್ ಹೇಗೂ ಇದೆ ಅಂತ ವೆಂಚುರಿ (ಕಂಪ್ರೆಸರ್ ಗಾಳಿ ಜೋರಾಗಿ ಹಾಯ್ಸಿ ಅದರಿಂದಲೇ ಎಳೆತ ಹುಟ್ಟಿಸೋದು) ಹಾಕಿ ನೋಡಿದ್ರು. ಅಂಗೈ ಅಗಲದ ಸಾಮಾನು, ತಿರುಗೋ ಭಾಗ ಒಂದೂ ಇಲ್ಲ, ನೀರು ಬಂದ್ರೂ ಉಗುಳಿ ಹಾಕ್ತದೆ, ಸೀಲ್ ಚೆನ್ನಾಗಿದ್ರೆ 600ರ ಮೇಲೂ ಹೋಗ್ತದೆ. ಆದ್ರೆ ಅದು ಗಾಳಿ ಎಳೀಬೇಕಾದ್ರೆ ಕಂಪ್ರೆಸರ್ ಗಾಳಿ ತಿಂತಾನೇ ಇರ್ಬೇಕು, ಇವರ 3 ಎಚ್‌ಪಿ ಕಂಪ್ರೆಸರ್ ಬೆಳಿಗ್ಗೆ ಆನ್ ಆದ್ರೆ ಊಟದ ಹೊತ್ತಿನ ತನಕ ಕಟಾಫ್ ಆಗೋದೇ ಇಲ್ಲ. ದಿನಕ್ಕೆ ಹತ್ತು ನಿಮಿಷದ ಕೆಲ್ಸಕ್ಕಾದ್ರೆ ನಾನೂ ಇದನ್ನೇ ಹೇಳ್ತೇನೆ, ಎಂಟು ತಾಸಿಗೆ ಕರೆಂಟ್ ಬಿಲ್ಲು ಕಟ್ಟಿ ಪೂರೈಸೋದಿಲ್ಲ.

ಹುಬ್ಬಳ್ಳಿಯ ಒಬ್ಬ ಡೀಲರು ವಾಟರ್ ರಿಂಗ್ ಪಂಪ್ ಹೇಳಿದ್ರು. ಮಾತು ಸುಳ್ಳಲ್ಲ, ಒಳಗೆ ನೀರೇ ಸೀಲು, ಹಾಗಾಗಿ ಕೂಲೆಂಟ್ ನುಗ್ಗಿದ್ರೂ ಅದಕ್ಕೆ ಲೆಕ್ಕಕ್ಕಿಲ್ಲ, ಗಟ್ಟಿ ಜಾತಿ. ಆದ್ರೆ ಶಾಪಿನ ಬಾವಿ ನೀರು ಬೇಸಿಗೇಲಿ ಉಪ್ಪಾಗ್ತದೆ, ಬೀಡಿನ (ಎರಕದ ಕಬ್ಬಿಣದ) ಪಂಪಿಗೆ ಆ ನೀರು ಕುಡಿಸಿದ್ರೆ ಎಷ್ಟು ವರ್ಷ ಬಂದೀತು? ಸ್ಟೇನ್‌ಲೆಸ್ ಇಂಪೆಲ್ಲರಿಂದು ತಗೊಳ್ಳೋಣ ಅಂದ್ರೆ ಕೊಟೇಶನ್ ನೋಡಿ ಮಾಲಕರು ಕಾಗದ ಮಡಚಿ ಜೇಬಿಗೆ ಹಾಕ್ಕೊಂಡ್ರು, ಮತ್ತೆ ಆ ವಿಷ್ಯ ಎತ್ತಲಿಲ್ಲ.

ಡ್ರೈ ಕಾರ್ಬನ್ ವೇನ್ ಪಂಪಿನ (ಒಳಗೆ ತಿರುಗೋ ಕಾರ್ಬನ್ ಪಟ್ಟಿಗಳು, ಅಂದ್ರೆ ವೇನ್, ಗಾಳಿ ತಳ್ಳೋದು) ವಿಷ್ಯವೂ ಬಂತು, ಎಣ್ಣೆ ಬೇಡ, ಹೊಗೆ ಇಲ್ಲ. ಕೂಲೆಂಟ್ ಒಂದು ಗುಟುಕು ಒಳಗೆ ಹೋದ್ರೆ ಕಾರ್ಬನ್ ಪುಡಿಯೂ ನೀರೂ ಸೇರಿ ಕೆಸರಾಗಿ ವೇನ್ ಗಾಡೀಲೇ ಹಿಡ್ಕೊಳ್ತದೆ. ಒಣ ಕೆಲ್ಸದವರು ನೋಡ್ಬಹುದು. ಬ್ಲೋವರ್ ತರದ್ದು ಪ್ಲೈವುಡ್, ಎಂಡಿಎಫ್ ಕೆಲ್ಸದ ರೂಟರಿಗೆ ಸರಿ, ಗಾಳಿ ಬೇಕಾದಷ್ಟು ಎಳೀತದೆ, ಎಳೆತದ ಜೋರು ಮಾತ್ರ ಕಮ್ಮಿ.

ನನಗೆ ಇಷ್ಟ ಆಗಿದ್ದು ಇನ್ನೊಂದು. ಮಾಲಕರ ನೆಂಟರೊಬ್ಬರು ಶಿರಸಿ ಕಡೆ ಹೈನುಗಾರಿಕೆ ಮಾಡ್ತಾರೆ, ಅವರ ಕೊಟ್ಟಿಗೇಲಿ ಹಾಲು ಕರೆಯೋ ಮೆಷಿನ್ನಿನ ಒಂದು ಪಂಪ್ ಸುಮ್ನೆ ಬಿದ್ದಿತ್ತು. "ಭಾವ, ನೀವೇ ಒಯ್ದು ನೋಡಿ, ಸರಿ ಬಂದ್ರೆ ಇಟ್ಕೊಳ್ಳಿ" ಅಂದ್ರಂತೆ. ಹಾಲು ಕರೆಯೋ ಮೆಷಿನ್ ಓಡೋದು ಸುಮಾರು ಅರ್ಧ ವಾತಾವರಣದಲ್ಲಿ, 375 ಎಂಎಂ ಆಸುಪಾಸು. ಆದ್ರೆ ಆ ಪಂಪ್ ಮಾಡಿದ್ದೇ ಲೀಕ್ ಇಟ್ಕೊಂಡು ನಿರಂತರ ಓಡೋಕೆ, ಆಕಳ ಮೊಲೆಯಿಂದ ಕಪ್ ಜಾರಿದ್ರೂ ಬಾಕಿ ಆಕಳುಗಳಿಗೆ ವ್ಯಾಕ್ಯೂಮ್ ಬೀಳಬಾರ್ದಲ್ಲ. ತಂದು ಹಾಕಿದ್ರು, ಅದೇ ಲೀಕ್ ಫಿಕ್ಸ್ಚರಲ್ಲಿ ಗೇಜು 375ಕ್ಕೆ ಹೋಗಿ ಮೊಳೆ ಹೊಡ್ದ ಹಾಗೆ ನಿಂತಿತು. ದೊಡ್ಡ ಪ್ಯಾನೆಲಿಗೆ 300 ಕೆಜಿ ಹಿಡಿತ. ಹುಡುಗ ಖುಷಿ. ಸ್ವಿಚ್ ಪ್ಲೇಟ್ ಮಾತ್ರ ಆಗ್ಲೂ ನಿಧಾನಕ್ಕೆ ಹೊಡೆದ್ರೆ ನಿಲ್ಲೋದು, ಅವಸರ ಮಾಡಿದ್ರೆ ಜಾರೋದು.

ಲೀಕ್ ಅಳೆದ ಮೇಲೆ

ಆ ಹೊತ್ತಿಗೆ ನಾನು ಪ್ಯಾನೆಲ್ ಕೆಲ್ಸಕ್ಕೆ ಅಂತ ಹೋಗಿದ್ದೆ. ಮಾಲಕರು ಕೇಳಿದ್ದು "ಎಷ್ಟು ಸಿಎಫ್‌ಎಂ ತಗೊಳ್ಳೋದು ಹೇಳು, 6 ಸಾಕಾ 10 ಬೇಕಾ?" ನಾನಂದೆ ಅಣ್ಣಾ, ನಿಮ್ಮ ಫಿಕ್ಸ್ಚರ್ ಎಷ್ಟು ಲೀಕ್ ಅಂತ ಗೊತ್ತಿಲ್ದೆ ಎಂತ ಹೇಳೋದು, ತೂತು ಕೊಡಪಾನಕ್ಕೆ ಎಷ್ಟು ದೊಡ್ಡ ನಲ್ಲಿ ಬೇಕು ಅಂತ ಕೇಳಿದ ಹಾಗಾಯ್ತು. ಅಳೆಯುವ.

ಅಳೆಯೋಕೆ ವಿಶೇಷ ಮೀಟರ್ ಎಂತ ಬೇಡ. ಗುಜರಿಯಿಂದ ಲಾರಿಯ ಏರ್ ಬ್ರೇಕ್ ಟ್ಯಾಂಕ್ ಒಂದು ತಂದಿದ್ರು, 40 ಲೀಟರಿಂದು. ಅದಕ್ಕೆ ಗೇಜ್ ಹಾಕಿ, ಪಂಪಿನ ಕಡೆ ಒಂದು ಬಾಲ್ ವಾಲ್ವ್, ಫಿಕ್ಸ್ಚರ್ ಕಡೆ ಇನ್ನೊಂದು. ಫಿಕ್ಸ್ಚರಿನ ವಾಲ್ವ್ ಮುಚ್ಚಿ ಎಸಿ ಪಂಪಿಂದಲೇ ಟ್ಯಾಂಕನ್ನ 650 ತನಕ ಎಳ್ದು, ಪಂಪಿನ ವಾಲ್ವ್ ಮುಚ್ಚಿ, ಫಿಕ್ಸ್ಚರಿಂದು ತೆಗೆದು, 550ರಿಂದ 450ಕ್ಕೆ ಮುಳ್ಳು ಬೀಳೋಕೆ ಎಷ್ಟು ಸೆಕೆಂಡ್ ಅಂತ ಮೊಬೈಲಲ್ಲಿ ನೋಡೋದು. 40 ಲೀಟರ್ ಟ್ಯಾಂಕಲ್ಲಿ 100 ಎಂಎಂ ಬಿತ್ತು ಅಂದ್ರೆ ಹೊರಗಿನ ಗಾಳಿ 40 ಗುಣಿಸು 100 ಭಾಗಿಸು 760, ಅಂದ್ರೆ 5 ಲೀಟರ್ ಚಿಲ್ಲರೆ ಒಳಗೆ ಬಂತು ಅಂತ ಅರ್ಥ. ಇವರದ್ದು ಐದೇ ಸೆಕೆಂಡಲ್ಲಿ ಬಿತ್ತು. ನಿಮಿಷಕ್ಕೆ 60 ಲೀಟರಿನ ಮೇಲೆ ಲೀಕು!

ಇಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಲೆಕ್ಕ ಹಾಕ್ತಾ ಕೂತ್ವಿ, ಯಾಕಂದ್ರೆ ಮಾಲಕರ ಪ್ರಶ್ನೆ ಸರಿಯಾಗೇ ಇತ್ತು: "3.5 ಸಿಎಫ್‌ಎಂ ಅಂದ್ರೆ ನಿಮಿಷಕ್ಕೆ 100 ಲೀಟರ್, ಲೀಕ್ 60, ಮತ್ತೆ ಸಾಕಾಗ್ಬೇಕಿತ್ತಲ?" ಸಿಕ್ಕಾಕ್ಕೊಳ್ಳೋದು ಇಲ್ಲೇ. ಪಂಪ್ ನಿಮಿಷಕ್ಕೆ 100 ಲೀಟರ್ ಎಳೀತದೆ ನಿಜ, ಆದ್ರೆ ತೆಳುವಾದ ಗಾಳೀದು 100 ಲೀಟರ್. ಗೇಜು 600ರಲ್ಲಿದ್ರೆ ಒಳಗಿನ ಗಾಳಿ ಹೊರಗಿನದಕ್ಕಿಂತ ಐದು ಪಟ್ಟು ತೆಳು, ಹೊರಗಿಂದ ಬಂದ 60 ಲೀಟರ್ ಅಲ್ಲಿ 300 ಲೀಟರ್ ಆಗಿ ಹಿಗ್ಗಿರ್ತದೆ, ಅದನ್ನೆಲ್ಲ ಪಂಪು ನುಂಗ್ಬೇಕು. 100 ಲೀಟರಿನ ಪಂಪು 60 ಲೀಟರ್ ಲೀಕಿಗೆ ಸಮ ಆಗೋದು ಒಳಗೆ ಇನ್ನೂ ಹತ್ತಿರ ಹತ್ತಿರ 60 ಪರ್ಸೆಂಟ್ ಗಾಳಿ ಇರುವಾಗ, ಅಂದ್ರೆ ಗೇಜಲ್ಲಿ 300. ಅವರಿಗೆ ಅಷ್ಟು ದಿನದಿಂದ ಕಾಣ್ತಿದ್ದ ನಂಬರೇ ಅದು. ಪಂಪ್ ಕೆಟ್ಟಿದೆ ಅಂತ ಅದನ್ನ ರಿಪೇರಿಗೂ ಕಳ್ಸಿದ್ರು.

ಹಾಗಾಗಿ ಪಂಪಿನ ಮಾತು ಬದಿಗಿಟ್ಟು ಸೋಪಿನ ನೊರೆ, ಬ್ರಷ್ಷು ಹಿಡ್ಕೊಂಡ್ವಿ. ವ್ಯಾಕ್ಯೂಮಲ್ಲಿ ನೊರೆ ಗುಳ್ಳೆ ಬರೋದಿಲ್ಲ, ಒಳಗೆ ಎಳ್ಕೊಂಡು ಹೋಗ್ತದೆ, ಅದಕ್ಕೆ ಲೈನಿಗೆ ಉಲ್ಟಾ ಸ್ವಲ್ಪ ಗಾಳಿ ಬಿಟ್ಟು ನೋಡ್ಬೇಕು, ಅದೂ ಬಹಳ ಕಮ್ಮಿ ಪ್ರೆಶರಲ್ಲಿ. ಸಿಕ್ಕಿದ್ದು: ರಬ್ಬರ್ ಕಾರ್ಡಿನ ಎರಡು ತುದಿ ಸೇರೋ ಕಡೆ ಸಂದಿ, ಅಲ್ಲಿ ಓರೆಯಾಗಿ ಕತ್ತರಿಸಿ ಅಂಟಿಸಿರ್ಲಿಲ್ಲ. ಎರಡು ಥ್ರೆಡ್ ಫಿಟ್ಟಿಂಗಿಗೆ ಟೇಪ್ ಇಲ್ಲ. ಗಾಡಿಯ ಆಳ ಒಂದೊಂದು ಕಡೆ ಒಂದೊಂದು ತರ, 4 ಎಂಎಂ ಕಾರ್ಡಿಗೆ 3 ಎಂಎಂ ಹತ್ರ ಇರ್ಬೇಕಾದಲ್ಲಿ ಒಂದು ಮೂಲೇಲಿ ಕಾರ್ಡ್ ಪೂರ್ತಿ ಮುಳುಗ್ತಿತ್ತು. ಮತ್ತೆ ಪೈಪು, ತೋಟಕ್ಕೆ ನೀರು ಬಿಡೋ ಪಿವಿಸಿ ಪೈಪು, ಬಿಸಿಗೆ ಮೆತ್ತಗಾಗಿ ಒಳಗೊಳಗೇ ಚಪ್ಪಟೆ ಆಗ್ತಿತ್ತು. ಸ್ಪ್ರಿಂಗ್ ಇರೋ ಸಕ್ಷನ್ ಹೋಸ್ ಹಾಕಿದ್ರು.

ಒಂದು ಅಂದಾಜು ತಲೇಲಿ ಇಟ್ಕೊಂಡ್ರೆ ಉಪಯೋಗ ಆಗ್ತದೆ: 1 ಎಂಎಂ ವ್ಯಾಸದ ಒಂದು ತೂತಿಂದ ನಿಮಿಷಕ್ಕೆ 8-9 ಲೀಟರ್ ಗಾಳಿ ನುಗ್ತದೆ. ಒಳಗಿನ ಒತ್ತಡ ಅರ್ಧ ವಾತಾವರಣಕ್ಕಿಂತ ಕೆಳಗೆ ಇಳಿದ ಮೇಲೆ ನೀವು ಎಷ್ಟು ಜೋರು ಎಳೆದ್ರೂ ಆ ತೂತಿಂದ ಬರೋ ಗಾಳಿ ಹೆಚ್ಚಾಗೋದಿಲ್ಲ, ಗಾಳಿ ಅಲ್ಲಿ ಶಬ್ದದ ವೇಗಕ್ಕೆ ಬಂದು ಅದಕ್ಕಿಂತ ಮುಂದೆ ಹೋಗೋದಿಲ್ಲ. ಟೆಸ್ಟನ್ನ 550-450ರ ನಡುವೆ ಮಾಡೋದೂ ಇದಕ್ಕೇ, ಅಲ್ಲಿ ಮುಳ್ಳು ಒಂದೇ ವೇಗದಲ್ಲಿ ಬೀಳ್ತದೆ.

ಎಲ್ಲ ಸರಿ ಮಾಡಿ ಮತ್ತೆ ಅಳೆದಾಗ 100 ಎಂಎಂ ಬೀಳೋಕೆ 16 ಸೆಕೆಂಡ್ ಹಿಡೀತು, ನಿಮಿಷಕ್ಕೆ 20 ಲೀಟರ್. ಆ ಕ್ಷಣ ಅದೇ ಹಳೇ ಎಸಿ ಪಂಪ್ ಹಾಕಿದ್ರೂ ಗೇಜು 600ಕ್ಕೆ ಹೋಯ್ತು. ಮಾಲಕರು ನನ್ನ ಮುಖ ನೋಡಿದ್ರು, "ಮತ್ತೆ ಹೊಸ ಪಂಪ್ ಎಂತಕ್ಕೆ?"

ಯಾವ ಪಂಪು, ಯಾಕೆ

ಪ್ರಶ್ನೆ ನ್ಯಾಯವಾದ್ದೇ. ನನ್ನ ಉತ್ತರ ಎರಡು. ಒಂದು, 600ರಲ್ಲಿ ನಿಂತಿದ್ರೂ ಅದು ದಿನಪೂರ್ತಿ 20 ಲೀಟರ್ ಗಾಳಿ ಎಳೀತಾನೇ ಇರ್ಬೇಕು, ಎಕ್ಸಾಸ್ಟಿಗೆ ಸರಿಯಾದ ಫಿಲ್ಟರ್ ಇಲ್ಲ, ಎಣ್ಣೆ ಹೊಗೆಯಾಗಿ ಹೋಗ್ತಾ ಲೆವೆಲ್ ಇಳೀತದೆ. ಎರಡನೇದು ನೀರು. ಮಳೆಗಾಲದಲ್ಲಿ 30 ಡಿಗ್ರಿ ಸೆಕೆ, 90 ಪರ್ಸೆಂಟ್ ತೇವ ಇರುವಾಗ ಒಂದು ಘನ ಮೀಟರ್ ಗಾಳೀಲಿ ಸುಮಾರು 27 ಗ್ರಾಂ ನೀರು ಆವಿಯಾಗಿ ಇರ್ತದೆ. ನಿಮಿಷಕ್ಕೆ 20 ಲೀಟರ್ ಅಂದ್ರೆ ತಾಸಿಗೆ 1.2 ಘನ ಮೀಟರ್, 32 ಗ್ರಾಂ ನೀರು. ಎಂಟು ತಾಸಿಗೆ ಕಾಲು ಲೀಟರ್ ನೀರು ಪಂಪಿನ ಹೊಟ್ಟೆ ಮೂಲಕ ಹೋಗ್ತದೆ. ಆ ಪುಟಾಣಿ ಪಂಪಲ್ಲಿ ಇರೋ ಎಣ್ಣೇನೇ ಹೆಚ್ಚುಕಮ್ಮಿ ಅಷ್ಟು.

ಕೊನೆಗೆ ಸಿಕ್ಕಿದ್ದು ಗೇರುಬೀಜದಿಂದ. ಕುಮಟಾ ಕಡೆ ಒಂದು ಗೇರುಬೀಜ ಪ್ಯಾಕಿಂಗ್ ಯೂನಿಟ್ಟಲ್ಲಿ ಹಳೇ ವ್ಯಾಕ್ಯೂಮ್ ಪ್ಯಾಕಿಂಗ್ ಮೆಷಿನ್ ತೆಗೀತಿದ್ರು, ಅದರ ಪಂಪು ಎಣ್ಣೆಯ ರೋಟರಿ ವೇನ್, ತಾಸಿಗೆ 20 ಘನ ಮೀಟರ್, 1 ಎಚ್‌ಪಿ ತ್ರೀ ಫೇಸ್ ಮೋಟರು, ಎಕ್ಸಾಸ್ಟ್ ಫಿಲ್ಟರ್ ಇದೆ, ಗ್ಯಾಸ್ ಬಲಾಸ್ಟ್ (ಪಂಪಿನೊಳಗೆ ಸ್ವಲ್ಪ ಹೊರಗಿನ ಗಾಳಿ ಬಿಟ್ಟು ನೀರಾವಿಯನ್ನ ಹೊರಗೆ ಹಾಕ್ಸೋ ಸಣ್ಣ ವಾಲ್ವ್) ಇದೆ. ಲೆಕ್ಕ ಹಾಕಿದ್ರೆ ನಿಮಿಷಕ್ಕೆ 333 ಲೀಟರ್, 600 ಎಂಎಂನಲ್ಲಿ ಹೊರಗಿನ ಗಾಳಿ ಲೆಕ್ಕದಲ್ಲಿ 66-67 ಲೀಟರ್ ಲೀಕ್ ತಡೀತದೆ, ನಮ್ಮದು 20. ಮುಂದೆ ಕಾರ್ಡ್ ಸವೆದು ಲೀಕ್ ಮೂರು ಪಟ್ಟು ಆದ್ರೂ ನಡೀತದೆ. ಹಾಲಿನ ಪಂಪಿಗಿಂತ ಇದು ಮೇಲು ಅಂತ ನಾನು ಹೇಳಿದ್ದು ಸ್ವಿಚ್ ಪ್ಲೇಟಿನ ಸಲುವಾಗಿ ಮಾತ್ರ, 375ಕ್ಕೂ 600ಕ್ಕೂ ಅಲ್ಲಿ ಗಟ್ಟಿ ವ್ಯತ್ಯಾಸ ಇದೆ.

ತಗೊಳ್ಳೋ ಮೊದ್ಲು ಅಲ್ಲೇ ನೋಡಿದ್ದು: ಬಾಯಿ ಮುಚ್ಚಿ ಓಡ್ಸಿದ್ರೆ ಗೇಜು ಎಲ್ಲಿಗೆ ಹೋಗ್ತದೆ, ಬಿಸಿಯಾದ ಮೇಲೆ ಕಟಕಟ ಶಬ್ದ ಇದೆಯಾ, ಎಣ್ಣೆ ಬಣ್ಣ ಎಂತ, ಮೋಟರ್ ಎಷ್ಟು ಆಂಪಿಯರ್ ತಿಂತದೆ. ವೇನ್ ಮತ್ತೆ ಫಿಲ್ಟರ್ ಹೊಸದು ಹಾಕ್ಸಿದ್ರು, ಎಣ್ಣೆ ಎರಡು ಸಲ ಬದಲಿಸಿ ತೊಳೆದ್ರು. ಎಣ್ಣೆ ವಿಷ್ಯದಲ್ಲಿ ಜಗಳವೇ ಆಯ್ತು, ಶಾಪಲ್ಲಿ ಇಂಜಿನ್ ಆಯಿಲ್ ಡಬ್ಬ ಇತ್ತಲ್ಲ, ಅದನ್ನೇ ಹಾಕುವ ಅಂದ್ರು. ಬೇಡ ಅಂದೆ, ಇಂಜಿನ್ ಆಯಿಲಲ್ಲಿ ಕೊಳೆ ತೊಳೆಯೋ ಡಿಟರ್ಜೆಂಟ್ ಇರ್ತದೆ, ಅದು ನೀರನ್ನ ಎಣ್ಣೆ ಜೊತೆಗೇ ಹಿಡಿದಿಟ್ಕೊಳ್ತದೆ, ತಳಕ್ಕೆ ಇಳೀಲಿಕ್ಕೆ ಬಿಡೋದಿಲ್ಲ. ವ್ಯಾಕ್ಯೂಮ್ ಪಂಪ್ ಆಯಿಲೇ ಬೇಕು, ಗ್ರೇಡು ಪಂಪಿನ ಪ್ಲೇಟಲ್ಲಿ ಬರ್ದದ್ದು.

ಲಾರಿ ಟ್ಯಾಂಕ್ ಅಲ್ಲೇ ಉಳೀತು, ಈಗ ಅದು ಪಂಪಿನ ಕಾವಲು. ಫಿಕ್ಸ್ಚರಿಂದ ಬರೋ ಪೈಪು ಪಕ್ಕದಿಂದ ಒಳಗೆ, ಪಂಪಿಗೆ ಹೋಗೋದು ಮೇಲಿಂದ, ತಳದಲ್ಲಿ ಡ್ರೈನ್ ವಾಲ್ವ್. ಕೂಲೆಂಟ್, ಚಿಪ್ಸ್ ಅಲ್ಲೇ ಬಿದ್ದಿರ್ತದೆ. ಅದಕ್ಕೂ ಮುಂದೆ ಒಂದು ಪಾರದರ್ಶಕ ಬೌಲಿನ ಫಿಲ್ಟರು. ಯಾರೋ 200 ಲೀಟರಿನ ಎಣ್ಣೆ ಡ್ರಮ್ ಇಡಿ ಅಂದಿದ್ರಂತೆ, ದಯವಿಟ್ಟು ಯಾರೂ ಆ ಕೆಲ್ಸ ಮಾಡ್ಬೇಡಿ, ಡ್ರಮ್ಮಿನ ಮುಚ್ಚಳದ ಮೇಲೇ ಎರಡೂವರೆ ಟನ್ ಗಾಳಿ ಕೂತ್ಕೊಳ್ತದೆ, ಒಂದೇ ಸಲಕ್ಕೆ ಒಳಗೆ ಮಡಚಿ ಹೋಗ್ತದೆ. ಬ್ರೇಕ್ ಟ್ಯಾಂಕ್ ಗಟ್ಟಿ ಗೋಡೆಯದು, ಒಳಗಿಂದ 8 ಬಾರ್ ತಡೆಯೋ ಸಾಮಾನು, ಅಷ್ಟು ಸಣ್ಣ ಗಾತ್ರಕ್ಕೆ ಹೊರಗಿನ ಒಂದು ವಾತಾವರಣ ಏನೂ ಅಲ್ಲ.

ಇನ್ನೊಂದು ನಿರ್ಧಾರಕ್ಕೆ ಮಾಲಕರು ಬೇಗ ಒಪ್ಪಲಿಲ್ಲ. ಹೊಸ ಪಂಪಿಗೆ ಗೇಜು 700 ದಾಟ್ತಿತ್ತು, ನಾನು ಬ್ಲೀಡ್ ವಾಲ್ವ್ (620 ದಾಟಿದ್ರೆ ಮಾತ್ರ ತೆರೆದು ಹೊರಗಿನ ಗಾಳಿ ಒಳಗೆ ಬಿಡೋದು) ಹಾಕಿ 620ಕ್ಕೆ ಇಳಿಸಿದೆ. "ಬರೋ ವ್ಯಾಕ್ಯೂಮನ್ನ ಯಾಕೆ ಬಿಡ್ತಿ?" ಅಂತ. ಯಾಕಂದ್ರೆ 30 ಡಿಗ್ರೀಲಿ ಒಳಗಿನ ಒತ್ತಡ 32 ಎಂಎಂಗೆ ಇಳಿದ್ರೆ, ಅಂದ್ರೆ ಗೇಜಲ್ಲಿ 728 ಆದ್ರೆ, ನೀರು ಅಲ್ಲೇ ಕುದೀತದೆ. ಫಿಕ್ಸ್ಚರಿನ ಗಾಡೀಲಿ ಕೂಲೆಂಟ್ ನಿಂತಿರ್ತದಲ್ಲ, ಆ ಗಡಿಗೆ ಹತ್ರ ಹೋದಷ್ಟೂ ಅದು ಹಬೆಯಾಗಿ ಸೀದಾ ಪಂಪಿಗೆ, ಟ್ಯಾಂಕ್ ಹನಿಯನ್ನ ಹಿಡೀತದೆ, ಹಬೆಯನ್ನ ಹಿಡಿಯೋದಿಲ್ಲ. 620ರಿಂದ 720ಕ್ಕೆ ಹೋಗಿ ಸಿಗೋ ಹಿಡಿತ 16 ಪರ್ಸೆಂಟ್ ಹೆಚ್ಚು, ಅದಕ್ಕೆ ಪಂಪ್ ಹಾಳು ಮಾಡ್ಕೊಳ್ಳೋದು ಬೇಡ. ಹಾಗೇ ಅಲ್ಯೂಮಿನಿಯಂ ಕಟಿಂಗಿಗೆ ಬ್ರಷ್ಷಲ್ಲಿ ಸೀಮೆಎಣ್ಣೆ ಹಚ್ಚೋದನ್ನೂ ಈ ಫಿಕ್ಸ್ಚರ್ ಮೇಲೆ ನಿಲ್ಸಿದ್ರು. ಅದರ ಆವಿ ಪಂಪಿನ ಎಣ್ಣೆಯನ್ನ ತೆಳು ಮಾಡ್ತದೆ, ಮೇಲೆ ಬಿಸಿ ಪಂಪು, ಬೆಂಕಿ ಭಯ ಬೇರೆ.

ಮಳೆಗಾಲದಲ್ಲಿ

ಮುಂದಿನ ನಿಷೇಧದ ಸೀಸನ್ ಈ ಸೆಟಪ್ಪಲ್ಲೇ ಹೋಯ್ತು. ಬೆಳಿಗ್ಗೆ ಬಂದ ಕೂಡ್ಲೆ ಪಂಪಿನ ಬಾಯಿ ಮುಚ್ಚಿ ಗ್ಯಾಸ್ ಬಲಾಸ್ಟ್ ತೆಗೆದು ಅರ್ಧ ತಾಸು ಓಡ್ಸೋದು, ಪಂಪ್ ಕಾದ ಮೇಲೇ ಕೆಲ್ಸ. ತಣ್ಣಗಿರೋ ಪಂಪಲ್ಲಿ ಆವಿ ನೀರಾಗಿ ಎಣ್ಣೇಲಿ ಕೂರ್ತದೆ, ಕಾದ ಪಂಪಲ್ಲಿ ಆವಿಯಾಗೇ ಹೊರಗೆ ಹೋಗ್ತದೆ. ಸಂಜೆ ಬಂದ್ ಮಾಡೋ ಮೊದ್ಲೂ ಹಾಗೇ. ಹುಡುಗ ಮೊದಮೊದ್ಲು ಬೆಳಿಗ್ಗೆದು ಹಾರಿಸ್ತಿದ್ದ, ಎಣ್ಣೆ ಗಾಜಲ್ಲಿ ಬಿಳಿ ಕಂಡ ಮೇಲೆ ತಾನಾಗೇ ಸರಿಯಾದ. ಬಿಳಿಯಾದ ಎಣ್ಣೆಯೂ ಬಲಾಸ್ಟ್ ತೆಗೆದು ಓಡ್ಸಿದ್ರೆ ಬಹಳ ಮಟ್ಟಿಗೆ ತಿಳಿಯಾಯ್ತು, ಬದಲಿಸೋ ಅಗತ್ಯ ಬೀಳಲಿಲ್ಲ.

ದೊಡ್ಡ ಪರೀಕ್ಷೆ ಆಗಿದ್ದು ಜುಲೈಲಿ. ಕರೆಂಟ್ ಪೂರ್ತಿ ಹೋದ್ರೆ ಭಯ ಇಲ್ಲ, ಕಟರ್ ತಿರುಗಿಸೋ ಸ್ಪಿಂಡಲೂ ನಿಲ್ತದೆ, ಟ್ಯಾಂಕಲ್ಲಿ ವ್ಯಾಕ್ಯೂಮ್ ಇರ್ತದೆ, ಪಂಪಿನ ಬಾಯಲ್ಲಿ ನಾನ್ ರಿಟರ್ನ್ ವಾಲ್ವ್ ಇರೋದ್ರಿಂದ ಎಣ್ಣೆ ವಾಪಸ್ ಲೈನಿಗೆ ಬರೋದಿಲ್ಲ. ಭಯ ಇರೋದು ಪಂಪ್ ಒಂದೇ ನಿಂತು ಸ್ಪಿಂಡಲ್ ತಿರುಗ್ತಾ ಇದ್ರೆ. ಅದಕ್ಕೇ ಟ್ಯಾಂಕಿಗೆ ವ್ಯಾಕ್ಯೂಮ್ ಸ್ವಿಚ್ ಹಾಕಿ, 450ಕ್ಕಿಂತ ಕೆಳಗೆ ಬಂದ್ರೆ ಮೆಷಿನ್ ಫೀಡ್ (ಕಟರ್ ಮುಂದೆ ಸರಿಯೋದು) ನಿಲ್ಲೋ ಹಾಗೆ ವೈರ್ ಮಾಡಿದ್ದೆ. ಮಾಲಕರು ಆಗ "ಇದೆಲ್ಲ ಬೇಕಾ ಮಾರಾಯ" ಅಂದಿದ್ರು. ಗಾಳಿ ಮಳೇಲಿ ಪಂಪಿನ ಸ್ಟಾರ್ಟರಿನ ಒಂದು ಫೇಸ್ ಫ್ಯೂಸ್ ಹೋಗಿ ಓವರ್‌ಲೋಡ್ ಟ್ರಿಪ್ ಆಯ್ತು, ಮೆಷಿನ್ ಓಡ್ತಾ ಇತ್ತು. ಲೆಕ್ಕದ ಪ್ರಕಾರ 620ರಿಂದ 450ಕ್ಕೆ ಬರೋಕೆ 25 ಸೆಕೆಂಡಿನ ಮೇಲೆ ಸಮಯ ಇದೆ, ಅಷ್ಟರಲ್ಲಿ ಹುಡುಗ ಚಹಾ ಕುಡೀತಾ ಇದ್ದ, ಸ್ವಿಚ್ಚೇ ನಿಲ್ಸಿತು. ಪ್ಲೇಟ್ ಇದ್ದಲ್ಲೇ ಇತ್ತು, ಆ ಪ್ಲೇಟನ್ನೇ ಮುಂದುವರಿಸಿ ಮುಗಿಸಿದ್ರು. ಈಗ ಹೊಸಬರಿಗೆ ಮೊದ್ಲು ಆ ಸ್ವಿಚ್ಚನ್ನೇ ತೋರಿಸ್ತಾರೆ.

ಪಂಪಿಂದ ಆಗದೇ ಇದ್ದದ್ದು

ಎರಡು ಕೆಲ್ಸ ಈಗ್ಲೂ ಬೇರೆ ದಾರೀಲೇ ನಡೀತದೆ. 40 ಬೈ 25ರ ಸಣ್ಣ ನಂಬರ್ ಪ್ಲೇಟು ಹತ್ತೇ ಚದರ ಸೆಂಟಿಮೀಟರ್, ಎಂಟು ಕೆಜಿ ಹಿಡಿತ, ಅಡ್ಡಕ್ಕೆ ಒಂದು ಒಂದೂವರೆ ಕೆಜಿ. ಅದಕ್ಕೆ ಎಂಥಾ ಪಂಪ್ ತಂದ್ರೂ ಹತ್ತು ಕೆಜಿ ಚಿಲ್ಲರೆ, ಗಾಳಿ ಅದಕ್ಕಿಂತ ಹೆಚ್ಚು ಒತ್ತೋದಿಲ್ಲ. ಅದನ್ನ ದೊಡ್ಡ ಶೀಟಲ್ಲೇ ಸಾಲಾಗಿ ಹೊಡ್ದು, ತಳದಲ್ಲಿ 0.2 ಎಂಎಂ ಪೊರೆ ಬಿಟ್ಟು, ಕೊನೆಗೆ ಕೈಯಲ್ಲಿ ಬಿಡಿಸ್ತಾರೆ. ಸ್ವಿಚ್ ಪ್ಲೇಟಿಗೂ ಎರಡು ಬದಿಗೆ ಗಿಡ್ಡ ಪಿನ್ ಕೊಟ್ಟಿದ್ದಾರೆ, ಅಡ್ಡ ತಳ್ಳೋ ಜೋರು ಪಿನ್ನಿಗೆ, ಕೆಳಗೆ ಒತ್ತೋದು ಮಾತ್ರ ವ್ಯಾಕ್ಯೂಮಿಗೆ. ಇದೊಂದನ್ನ ಮೊದ್ಲೇ ಮಾಡಿದ್ರೆ ಹುಡುಗನಿಗೆ ಗಾಯ ಆಗ್ತಿರ್ಲಿಲ್ಲ ಅಂತ ನನಗನ್ನಿಸ್ತದೆ, ಹತ್ತು ರೂಪಾಯಿ ಪಿನ್ನು.

ಇನ್ನೊಂದು, ಆರಪಾರ ತೂತು. ಪ್ಯಾನೆಲಿಗೆ 10 ಎಂಎಂ ಸ್ವಿಚ್ ತೂತು ಸೀಲಿನ ಒಳಗಡೆ ಬಿತ್ತು ಅಂದ್ರೆ ನಿಮಿಷಕ್ಕೆ 800-900 ಲೀಟರ್ ಗಾಳಿ, 1 ಎಂಎಂ ತೂತಿನ ನೂರು ಪಟ್ಟು. ಅಷ್ಟು ದೊಡ್ಡ ಪಂಪ್ ತರೋದಕ್ಕಿಂತ ತೂತು ಬರೋ ಜಾಗದ ಸುತ್ತ ಬೇರೆ ಕಾರ್ಡ್ ಹಾಕಿ ಆ ಜಾಗವನ್ನೇ ವ್ಯಾಕ್ಯೂಮಿಂದ ಹೊರಗಿಟ್ರು.

ಇತ್ತೀಚೆಗೆ ಶಿರಸಿ ಕಡೆ ಇನ್ನೊಂದು ಶಾಪಿನವರು ಇದನ್ನ ನೋಡ್ಕೊಂಡು ಹೋಗಿ ತಾವೂ ಮಾಡಿದ್ರು, ಫೋನ್ ಬಂತು, ಹೊಸ ಪಂಪು, ಬಾಯಿ ಮುಚ್ಚಿ ಓಡ್ಸಿದ್ರೂ ಗೇಜು 710 ದಾಟೋದಿಲ್ಲ, ವಾಪಸ್ ಕೊಡ್ಲಾ ಅಂತ. ಕೊಡ್ಬೇಡಿ ಅಂದೆ, ಶಿರಸಿ ಇರೋದು ಸಮುದ್ರದಿಂದ ಸುಮಾರು 600 ಮೀಟರ್ ಮೇಲೆ, ಅಲ್ಲಿ ಗಾಳಿ ಒತ್ತಡವೇ 710ರ ಆಸುಪಾಸು, ಅದಕ್ಕಿಂತ ಹೆಚ್ಚು ಎಳೀಲಿಕ್ಕೆ ಅಲ್ಲಿ ಗಾಳಿಯೇ ಇಲ್ಲ. ಅವರದ್ದು ಬರೀ ದೊಡ್ಡ ಪ್ಲೇಟಿನ ಕೆಲ್ಸ, ಕೂಲೆಂಟೂ ಇಲ್ಲ, ಮೊದ್ಲೇ ಕೇಳಿದ್ರೆ ಹಾಲು ಕರೆಯೋ ಪಂಪೇ ಸಾಕು ಅಂತಿದ್ದೆ, ವೇನು ಬೆಲ್ಟು ಅಲ್ಲೇ ಸಿಗ್ತದೆ. ಲೀಕ್ ಎಷ್ಟು ಸೆಕೆಂಡ್ ಬರ್ತದೆ ನೋಡಿ ಹೇಳಿ ಅಂದಿದ್ದೇನೆ, ಅವರಿಗಿನ್ನೂ ಬ್ರೇಕ್ ಟ್ಯಾಂಕ್ ಸಿಕ್ಕಿಲ್ವಂತೆ.